ಪ್ಲಾಟಿನಂ ಎಂಡ್: ಕೆಂಪು ಬಾಣ, ಬಿಳಿ ಬಾಣ, ದೂತರ ದರ್ಜೆ ಮತ್ತು ಆ ದ್ವಿತೀಯಾರ್ಧದ ಜಗಳ

ಹೊಸಪುಟ
ಪ್ಲಾಟಿನಂ ಎಂಡ್ ಅನ್ನುವ ಜಪಾನಿ ಚಿತ್ರಕತೆಯನ್ನು (ಮಾಂಗಾ) ಮೂರನೇ ಸಂಪುಟದ ತನಕ ಓದಿದವರ ಪ್ರಶ್ನೆಗಳು ಇವು. ಗೊತ್ತಿಲ್ಲದವರಿಗೆ: ದೇವರು ನಿವೃತ್ತಿಯಾಗುತ್ತಾರೆ, ಹದಿಮೂರು ದೂತರು ಆರಿಸಿದ ಹದಿಮೂರು ಜನರಲ್ಲಿ ಒಬ್ಬರು ಮುಂದಿನ ದೇವರು, ದೂತರು ಅವರಿಗೆ ರೆಕ್ಕೆ, ಬಾಣ ಕೊಡುತ್ತಾರೆ. ಮುಂದಿನ ಕತೆ ಹೇಳಬೇಡಿ, ಹೇಳಲೇಬೇಕಾದರೆ ಮೊದಲು ಎಚ್ಚರಿಸಿ.

ಕೆಂಪು ಬಾಣ ತಾಗಿದವರು ಹೇಳಿದ್ದೆಲ್ಲ ಮಾಡುತ್ತಾರೋ, ಬರೀ ಪ್ರೀತಿಸುತ್ತಾರೋ? ಕತೆಯ ನಾಯಕ ಮಿರಾಯ್‌ಗೆ ಎಲ್ಲ ಸಿಕ್ಕಿದೆ, ಅವನ ಸಹಪಾಠಿ ಸಾಕಿಗೆ ರೆಕ್ಕೆ ಯಾಕಿಲ್ಲ? ಹದಿಮೂರು ಜನರಿಗಷ್ಟೇ ಕೊಟ್ಟ ರೆಕ್ಕೆ ಹೊರಗಿನವರ ಬೆನ್ನಿಗೆ ಹೇಗೆ ಬಂತು? ಇನ್ನೊಂದು: ಡೆತ್ ನೋಟ್ ಮಾಡಿದ, ಕತೆಗಾರ ಓಬಾ, ಚಿತ್ರಕಾರ ಒಬಾಟಾ ಜೋಡಿಯದೇ ಕೆಲಸ ಅಂತಾರೆ, ಆ ಬಿಗಿ ಇಲ್ಲಿ ಯಾಕೆ ಕಾಣ್ತಿಲ್ಲ?

ತಾಂಕೋಬೊನ್
ದರ್ಜೆಯಿಂದ ಶುರು ಮಾಡೋಣ, ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಕೊಡುವ ಸಾಮಾನು ಮೂರು: ರೆಕ್ಕೆ, ಕೆಂಪು ಬಾಣ, ಬಿಳಿ ಬಾಣ. ವಿಶೇಷ ದರ್ಜೆಯ ದೂತ ಮೂರನ್ನೂ ಕೊಡಬಲ್ಲ. ಒಂದನೇ ದರ್ಜೆಯವನು ರೆಕ್ಕೆ ಮತ್ತು ಕೆಂಪು ಬಾಣ ಕೊಡುತ್ತಾನೆ, ಬಿಳಿ ಬಾಣ ಅವನ ಹತ್ತಿರ ಇಲ್ಲ. ಎರಡನೇ ದರ್ಜೆಯವನಿಗೆ ರೆಕ್ಕೆ ಅಥವಾ ಕೆಂಪು ಬಾಣ, ಎರಡರಲ್ಲಿ ಒಂದು. ಅದರ ಕೆಳಗೆ ದರ್ಜೆಯೇ ಇಲ್ಲದ ದೂತರೂ ಇದ್ದಾರೆ.

ಮಿರಾಯ್ ಜೊತೆಗಿರುವ ನಸ್ಸೆ ವಿಶೇಷ ದರ್ಜೆ. ವೀರನ ವೇಷ ಹಾಕಿದ ಎದುರಾಳಿ ಮೆಟ್ರೋಪಾಲಿಮನ್ ಜೊತೆಗಿರುವ ಮೇಜಾ ಕೂಡ ಅದೇ. ಮಿರಾಯ್ ಕಡೆಯವನಾದ ಮುಕಾಯ್‌ದೋನ ಬರೆಟ್ ಒಂದನೇ ದರ್ಜೆ, ಹಾಗಾಗಿ ಮುಕಾಯ್‌ದೋ ಹಾರುತ್ತಾನೆ, ಕೆಂಪು ಬಾಣ ಬಿಡುತ್ತಾನೆ, ಆದರೆ ದೂತನಿಂದ ಬಂದ ಕೊಲ್ಲುವ ಆಯುಧ ಅವನಿಗಿಲ್ಲ. ಆ ಕೊರತೆ ತುಂಬಿಕೊಳ್ಳಲು ಅವನು ಮನುಷ್ಯರ ಬಂದೂಕಿಗೆ ಕೈ ಹಾಕುತ್ತಾನೆ. ಸಾಕಿಯ ರೆವೆಲ್ ಎರಡನೇ ದರ್ಜೆ, ಕೊಟ್ಟಿದ್ದು ಕೆಂಪು ಬಾಣ ಮಾತ್ರ.

ಮೂರನೇ ಪ್ರಶ್ನೆ. ಸತ್ತ ಉಮೇದುವಾರನ ರೆಕ್ಕೆ, ಬಾಣ ಅವನ ಜೊತೆ ಮಣ್ಣಾಗಲ್ಲ. ಇನ್ನೊಬ್ಬ ಉಮೇದುವಾರ ಅದನ್ನು ತೆಗೆದುಕೊಂಡು ತನ್ನವರಿಗೆ ಹಂಚಬಹುದು. ಮೆಟ್ರೋಪಾಲಿಮನ್ ಮಾಡುತ್ತಿರುವುದು ಅದನ್ನೇ. ಒಬ್ಬನನ್ನು ಕೊಂದರೆ ಒಬ್ಬ ಎದುರಾಳಿ ಕಮ್ಮಿ, ಜೊತೆಗೆ ತನ್ನ ಕಡೆ ಒಬ್ಬ ಹಾರುವ ಆಳು ಜಾಸ್ತಿ. ಮೊದಲು ಹೊಡೆದವನಿಗೆ ಬಡ್ಡಿ ಸೇರಿ ಲಾಭ.

ಧಾರವಾಡ_ಪೇಡಾ
ಕೆಂಪು ಬಾಣದ ಲೆಕ್ಕ ನಾ ಹೇಳ್ತೀನ್ರೀ, ಅದರಾಗ ಭಾಳ ಮಂದಿ ಎಡವ್ತಾರ.

ಬಾಣ ತಾಗಿದ್ರ 33 ದಿನ ಬಿಟ್ಟಾವನ ಮ್ಯಾಲೆ ಪ್ರೀತಿ. ಒಬ್ಬಾವ ಒಂದ ಹೊತ್ತಿಗೆ 14 ಮಂದೀನ ಹಿಡಿದಿಟ್ಕೋಬಹುದು. ದೇವರು ನಿವೃತ್ತಿ ಆಗಾಕ 999 ದಿನ. 999ನ್ನ 33ರಿಂದ ಭಾಗಿಸಿದ್ರ 30 ಪೂರಾ ಸುತ್ತು, ಮ್ಯಾಲೆ 9 ದಿನ. ಅಂದ್ರ ಒಂದು ದಿನಾನೂ ಹಾಳು ಮಾಡ್ದ, ಒಬ್ಬರನ್ನೂ ಬಿಡ್ದ ಹೊಡೆದ್ರೂ ಇಡೀ ಅವಧಿಯೊಳಗ ಪೂರಾ 33 ದಿನ ಕೈಯಾಗ ಸಿಗೋದು 420 ಮಂದಿ. ಜಗತ್ತು ಆಳ್ತೀನಿ ಅನ್ನಾವಗ ಅದು ಏನೂ ಅಲ್ಲ. ಡೆತ್ ನೋಟ್ ಒಳಗ ಹೆಸರು, ಮುಖ ಗೊತ್ತಿದ್ರ ಆತು, ಪುಸ್ತಕದಾಗ ಹೆಸರು ಬರದ್ರ ಆ ಮನಿಷಾ ಸಾಯ್ತಿದ್ದ, ಎಷ್ಟು ಮಂದಿ ಅನ್ನೋ ಮಿತೀನ ಇರಲಿಲ್ಲ.

ಇನ್ನ ನಿಮ್ಮ ಮೊದಲನೇ ಪ್ರಶ್ನೆ. ಅದು ಪ್ರೀತಿ, ಅಪ್ಪಣೆ ಅಲ್ಲ. ವ್ಯತ್ಯಾಸ ಎಲ್ಲಿ ಗೊತ್ತಾಗ್ತೈತಿ ಅಂದ್ರ ಮೊದಲನೇ ಅಧ್ಯಾಯದಾಗ, ಚಿಕ್ಕಮ್ಮನ ಪ್ರಸಂಗದಾಗ. ಮಿರಾಯ್ ಬಾಣ ಬಿಟ್ಟದ್ದು ಅಪ್ಪ ಅವ್ವನ ಸಾವಿನ ಖರೇ ಮಾತು ಹೊರಗ ಬರ್ಲಿ ಅಂತ. ಆಕಿ ಬಾಯಿ ಬಿಟ್ಲು. ಆಮ್ಯಾಲೆ ಸಿಟ್ಟಿನಾಗ ಆವ ಆಡಿದ ಮಾತನ್ನ ಆಕಿ ಹಂಗ ನಡಸಿ ತನ್ನ ಜೀವಾನ ಕಳ್ಕೊಂಡ್ಲು. ಅಪ್ಪಣೆ ಆಗಿದ್ರ ತಡದು ವಾಪಸ್ ತಗೋಬಹುದಿತ್ತು. ಪ್ರೀತಿಗೆ ಅಳತಿ ಇಲ್ಲ, ಇವನ ಮನಸಿಗೆ ಏನು ಬೇಕು ಅನ್ನೋದನ್ನ ಅದು ಊಹೆ ಮಾಡಿ ಮಾಡಿಬಿಡ್ತೈತಿ. ಆಮ್ಯಾಲೆ ಮಿರಾಯ್ ಯಾಕ ಇಷ್ಟು ಹಿಂಜರೀತಾನ ಅನ್ನಾವ್ರು ಈ ಪುಟಾನ ಮತ್ತೊಮ್ಮೆ ನೋಡ್ಬೇಕು.

ಹೊಸಪುಟ
420 ಅನ್ನುವ ಲೆಕ್ಕ ಹೊಳೆದಿರಲಿಲ್ಲ. ಹಾಗಾದರೆ ಬಿಳಿ ಬಾಣ? ಅದಕ್ಕೆ ಮಿತಿ ಇಲ್ಲವಲ್ಲ. ಅದು ಕೈಯಲ್ಲಿರುವವನು ಸೋಲುವುದಾದರೂ ಹೇಗೆ?

ತಾಂಕೋಬೊನ್
ಬಿಳಿ ಬಾಣ ತಾಗಿದ ಕ್ಷಣ ಸಾವು, ನೋವಿಲ್ಲ, ಗಾಯವಿಲ್ಲ. ಕತೆ ಹೆಣೆಯುವವನಿಗೆ ಅದೇ ತಲೆನೋವು. ಕುಸ್ತಿಯಲ್ಲಿ ಮೊದಲ ಪಟ್ಟಿಗೇ ಬೆನ್ನು ನೆಲಕ್ಕೆ ತಾಗುವುದಾದರೆ ನೋಡಲು ಏನು ಉಳಿಯಿತು? ಹಾಗಾಗಿ ಓಬಾ ಕಾದಾಟವನ್ನು ಬಾಣದಿಂದ ಆಚೆಗೆ ತಳ್ಳುತ್ತಾರೆ. ವೇಷ ಹಾಕಿದ ನಕಲಿಗಳು, ಒತ್ತೆಯಾಳುಗಳು, ಜನ ತುಂಬಿದ ಜಾಗ. ಎದುರಿಗಿರುವವನು ನಿಜವಾದ ಮೆಟ್ರೋಪಾಲಿಮನ್ನೋ, ಕೆಂಪು ಬಾಣ ತಾಗಿ ಅವನ ವೇಷ ಹಾಕಿಕೊಂಡ ಅಮಾಯಕನೋ ಅನ್ನುವುದು ಗೊತ್ತಾಗದಿದ್ದರೆ ಬಿಳಿ ಬಾಣ ಇದ್ದೂ ಇಲ್ಲದಂತೆ. ಕೊಲ್ಲುವುದಿಲ್ಲ ಅಂತ ಹಟ ಹಿಡಿದ ಮಿರಾಯ್‌ಗಂತೂ ಅದು ಕೈಗೆ ಕಟ್ಟಿದ ಕಲ್ಲು.

ಇನ್ನೊಂದು ತೊಡಕು: ರೆಕ್ಕೆ, ಬಾಣ, ದೂತ ಇವು ಸಾಮಾನ್ಯ ಜನರಿಗೆ ಕಾಣುವುದಿಲ್ಲ, ಹೊತ್ತ ಮನುಷ್ಯ ಮಾತ್ರ ಕಾಣುತ್ತಾನೆ. ಆಕಾಶದಲ್ಲಿ ತೇಲುವ ಮನುಷ್ಯನನ್ನು ಇಡೀ ಊರು ಮೊಬೈಲಿನಲ್ಲಿ ಹಿಡಿಯುತ್ತದೆ. ವೇಷ, ಶಿರಸ್ತ್ರಾಣ ಇವೆಲ್ಲ ಬೇಕಾಗಿದ್ದು ಅದಕ್ಕೆ. ಶೋಕಿ ಅಂದುಕೊಳ್ಳಬೇಡಿ.

ಕರಾವಳಿ_ಒಟಾಕು
ಮಾರಾಯ್ರೆ, ಎಲ್ಲರೂ ಕಾದಾಟ ಕಾದಾಟ ಅಂತೀರಿ, ಒಂದು ಸಣ್ಣ ವಿಷಯ ನೋಡಿ. ನಸ್ಸೆ ಹೇಳುವ ನಿಯಮದಲ್ಲಿ ಕೊಲ್ಲಬೇಕು ಅಂತ ಎಲ್ಲಿ ಉಂಟು?

ನಿಯಮ ಇಷ್ಟೇ: 999 ದಿನದಲ್ಲಿ ದೇವರು ಕೆಲಸ ಬಿಡ್ತಾರೆ, ಹದಿಮೂರು ದೂತರು ಹದಿಮೂರು ಜನರನ್ನು ಆರಿಸಿದ್ದಾರೆ, ಅವರಲ್ಲಿ ಒಬ್ಬರು ಮುಂದಿನ ದೇವರು. ಉಳಿದ ಹನ್ನೆರಡು ಜನ ಸಾಯಬೇಕು ಅಂತ ಯಾರೂ ಹೇಳಲಿಲ್ಲ. ಸ್ಪರ್ಧಿಗಳು ಕಡಿಮೆ ಆದರೆ ಗೆಲ್ಲುವುದು ಸುಲಭ ಅಂತ ತೀರ್ಮಾನ ಮಾಡಿದ್ದು ಮೆಟ್ರೋಪಾಲಿಮನ್, ಅಂದರೆ ಉರ್ಯೂ ಕನದೆ. ಮೊದಲ ಸಂಪುಟದಲ್ಲೇ ಆ ಹಾಸ್ಯಗಾರ ರೊದ್ರಿಗೆಸ್‌ನನ್ನು ಕೊಂದು ಇವನು ಆಟದ ರೀತಿಯನ್ನೇ ಬದಲಿಸಿಬಿಟ್ಟ. ಓದುವ ನಾವೂ ಅವನ ಮಾತನ್ನೇ ನಿಯಮ ಅಂತ ನಂಬಿ ಕೂತೆವು. ದ್ವಿತೀಯಾರ್ಧ ಸಪ್ಪೆ ಅನ್ನುವವರು ಇನ್ನೂ ಅವನ ಆಟವನ್ನೇ ಆಡ್ತಾ ಇದ್ದಾರೆ ಅಂತ ನನ್ನ ಲೆಕ್ಕ.

ದಿನದ ಲೆಕ್ಕವೂ ಸುಮ್ಮನೆ ಅಲ್ಲ. ಮಿರಾಯ್ ಕತೆ ಶುರುವಾಗುವುದು ಮಾಧ್ಯಮಿಕ ಶಾಲೆಯ ಕೊನೆಯ ದಿನ, ಜಪಾನಿನಲ್ಲಿ ಅದು ಮಾರ್ಚ್. 999 ದಿನ ಅಂದರೆ ಎರಡು ವರ್ಷ ಒಂಬತ್ತು ತಿಂಗಳಿಗೆ ಹತ್ತಿರ, ಡಿಸೆಂಬರಿಗೆ ಬಂತು. ಅಲ್ಲಿ ಪ್ರೌಢಶಾಲೆ ಮೂರು ವರ್ಷ. ಹುಡುಗನ ಶಾಲೆ ಮುಗಿಯುವ ಮೊದಲೇ ಗಡುವು ಮುಗಿಯುತ್ತದೆ. ದೊಡ್ಡವನಾಗುವ ಮೊದಲು ದೇವರಾಗಬೇಕು!

ಬಿಳಿಗೆರೆ
ಚಿತ್ರದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಅದು ಅನ್ಯಾಯ.

ಒಬಾಟಾ ಹುಡುಗನೊಬ್ಬನ ಬೆನ್ನ ಹಿಂದೆ ತೇಲುವ ಜೀವವನ್ನು ಬರೆಯುತ್ತಿರುವುದು ಇದು ಮೂರನೇ ಸಲ. ಹಿಕಾರು ನೋ ಗೋದಲ್ಲಿ ಸಾಯಿ ಅನ್ನುವ ಪ್ರೇತ, ಡೆತ್ ನೋಟ್‌ನಲ್ಲಿ ರ್‍ಯೂಕ್ ಅನ್ನುವ ಸಾವಿನ ದೇವತೆ, ಇಲ್ಲಿ ನಸ್ಸೆ. ಮೂರರಲ್ಲಿ ತೀರಾ ಕಷ್ಟದ್ದು ನಸ್ಸೆ. ರ್‍ಯೂಕ್ ಕಪ್ಪು. ಬಿಳಿ ಕಾಗದದ ಮೇಲೆ ಕಪ್ಪು ಶಾಯಿ ಸುರಿದರೆ ತಾನಾಗಿ ಎದ್ದು ಬರುತ್ತಾನೆ, ಪುಟದ ಮೂಲೆಯಲ್ಲಿ ಒಂದು ಅಂಗುಲ ಇದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ನಸ್ಸೆ ಬಿಳಿ, ರೆಕ್ಕೆ ಬಿಳಿ, ಕಾಗದವೂ ಬಿಳಿ. ಅವಳನ್ನು ಎತ್ತಿ ತೋರಿಸಬೇಕಾದರೆ ಅವಳ ಸುತ್ತಲಿನದನ್ನು ಕಪ್ಪಾಗಿಸಬೇಕು: ರಾತ್ರಿ ಆಕಾಶ, ಕಟ್ಟಡದ ಕಿಟಕಿಗಳು, ಬೂದು ಟೋನ್ ಹಾಳೆ (ಚುಕ್ಕೆ ಅಚ್ಚಾದ ಅಂಟು ಹಾಳೆ). ಗರಿಗಳನ್ನು ಒಂದೊಂದಾಗಿ ಸಣ್ಣ ಗೆರೆಯಲ್ಲಿ ಬಿಡಿಸಬೇಕು, ಗೆರೆ ಜಾಸ್ತಿಯಾದರೆ ರೆಕ್ಕೆ ಕೊಳಕಾಗಿ ಕಾಣುತ್ತದೆ, ಕಮ್ಮಿಯಾದರೆ ಖಾಲಿ ಜಾಗದ ಹಾಗೆ ಕಾಣುತ್ತದೆ. ಈ ಕೃತಿಯಲ್ಲಿ ನಗರದ ರಾತ್ರಿಗಳು ಅಷ್ಟು ದಟ್ಟವಾಗಿರುವುದಕ್ಕೆ ಇದೂ ಒಂದು ಕಾರಣ ಅನ್ನಿಸುತ್ತದೆ.

ಇದರ ಜೊತೆಗೆ ಬಾಣದ ಬಣ್ಣ. ಒಳಪುಟ ಕಪ್ಪು ಬಿಳುಪು, ಹಾಗಾಗಿ "ಕೆಂಪು" ಅನ್ನುವುದು ಮಾತಿನಲ್ಲೇ ಇರುವುದು. ವೇಗವಾಗಿ ಓದುವವರು ಯಾವ ಬಾಣ ಹೊರಟಿತು ಅನ್ನುವುದನ್ನು ತಪ್ಪಿಸಿಕೊಳ್ಳುವುದು ಇಲ್ಲೇ. ಬಾಣ ಬಿಡುವ ಚೌಕದ ಹಿಂದಿನ ಎರಡು ಮೂರು ಮಾತಿನ ಗುಳ್ಳೆಗಳನ್ನು ಬಿಡದೆ ಓದಿ. ಮತ್ತೆ ಬಲದಿಂದ ಎಡಕ್ಕೆ ಓದುವಾಗ ಹಾರಾಟದ ದಿಕ್ಕೂ ಹಾಗೇ ಇರುತ್ತದೆ, ಎಡಕ್ಕೆ ಹಾರುವವನು ಮುಂದೆ ನುಗ್ಗುತ್ತಿದ್ದಾನೆ, ಬಲಕ್ಕೆ ತಿರುಗಿದವನು ಕಣ್ಣಿನ ಓಟಕ್ಕೆ ಎದುರು ಬರುತ್ತಾನೆ.

ಧಾರವಾಡ_ಪೇಡಾ
@ಬಿಳಿಗೆರೆ ಆ ಕೊನೇ ಮಾತು ಛೊಲೋ ಹೇಳಿದ್ರಿ.

ಅಕ್ಷರಪ್ರಿಯ
ಸಣ್ಣ ತಕರಾರು, ಹೆಸರಿನ ಬಗ್ಗೆ. ಎಲ್ಲರೂ ರೋಮನ್ ಅಕ್ಷರ ನೋಡಿ ಕನ್ನಡಕ್ಕೆ ಇಳಿಸುತ್ತಿದ್ದೀರಿ, ಅದಕ್ಕೇ ಇಬ್ಬರ ಹೆಸರೂ ಕೆಟ್ಟಿದೆ. ಕತೆ ಬರೆಯುವವರ ಹೆಸರಿನಲ್ಲಿ ಮೊದಲ ಸ್ವರ ದೀರ್ಘ, ಕೊನೆಯದು ಹ್ರಸ್ವ: ಓಬ. ನಮ್ಮ ಓಬವ್ವನ ಓ. ಚಿತ್ರ ಬರೆಯುವವರದ್ದು ಮೊದಲ ಸ್ವರವೂ ಹ್ರಸ್ವ: ಒಬತ. ರೋಮನ್‌ನಲ್ಲಿ ಎರಡೂ ಒಂದೇ ಅಕ್ಷರದಿಂದ ಶುರುವಾಗಿ ಗೊಂದಲ ಹುಟ್ಟಿಸುತ್ತವೆ, ಕನ್ನಡ ಲಿಪಿಯಲ್ಲಿ ಆ ಗೊಂದಲಕ್ಕೆ ಜಾಗವೇ ಇಲ್ಲ. ಜಪಾನಿಯ ತ, ದ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಹೇಳುವಂಥವು, ಆದ್ದರಿಂದ ಒಬಾಟಾದ ಟಾ ಬೇಡ, ಕನಡೆಯ ಡೆ ಬೇಡ. ಕನದೆ ಅಂತ ಬರೆದ ಕರಾವಳಿಯವರಿಗೆ ಪೂರ್ಣಾಂಕ.

ಹೆಸರಿನ ಅರ್ಥವನ್ನೂ ನೋಡಿ. ಮಿರಾಯ್ ಅಂದರೆ ಭವಿಷ್ಯ, ಆದರೆ ಅವನ ಹೆಸರನ್ನು ಬರೆಯುವ ಚಿತ್ರಾಕ್ಷರಗಳು "ನಾಳೆ" ಅನ್ನುವುದಕ್ಕೆ ಬಳಸುವಂಥವು. ಮನೆತನದ ಹೆಸರು ಕಕೆಹಾಶಿ, ಅಂದರೆ ಸೇತುವೆ. ಹಾನಾಕಾಗೊ ಸಾಕಿಯಲ್ಲಿ ಹೂಬುಟ್ಟಿಯೂ ಅರಳುವುದೂ ಇವೆ. ಮುಕಾಯ್‌ದೋ ನನಾತೊ ಹೆಸರಿನಲ್ಲಿ ಆರು, ಏಳು ಎರಡೂ ಅಂಕಿ ಅಡಗಿವೆ.

ಹೊಸಪುಟ
ಓಬ, ಒಬತ. ಸರಿ, ಇನ್ನು ಹಾಗೇ ಬರೆಯುತ್ತೇನೆ. "ಉಮೇದುವಾರ" ಅಂತ ತಾಂಕೋಬೊನ್ ಬಳಸಿದ ಪದ ಹಿಡಿಸಿತು. ಮೂಲದಲ್ಲಿ ಏನಿದೆ?

ಅಕ್ಷರಪ್ರಿಯ
ಮೂಲದಲ್ಲಿ "ಕಮಿ ಕೋಹೊ". ಕಮಿ ಅಂದರೆ ದೇವರು, ಕೋಹೊ ಅಂದರೆ ಚುನಾವಣೆಗೋ ಹುದ್ದೆಗೋ ನಿಂತವನು. ಪೂಜೆ ಪುನಸ್ಕಾರದ ವಾಸನೆ ಇಲ್ಲದ, ಕಚೇರಿಯ ಮಾತು ಅದು. "ಆಯ್ಕೆಯಾದ ಮಾನವ" ಅಂತ ಮಾಡಿದರೆ ಪುರಾಣದ ಧಾಟಿ ಬಂದುಬಿಡುತ್ತದೆ, ಉಮೇದುವಾರ ಅಂದರೆ ಆ ಒಣ ಹಾಸ್ಯ ಉಳಿಯುತ್ತದೆ. ದೇವರು ನಿವೃತ್ತಿಯಾಗುತ್ತಾರೆ, ಹುದ್ದೆ ಖಾಲಿ, ಅರ್ಜಿ ಹದಿಮೂರು.

ದೂತರಿಗೆ ಜಪಾನಿಯಲ್ಲಿ "ತೆನ್‌ಶಿ", ಅಕ್ಷರಶಃ ಸ್ವರ್ಗದ ದೂತ. ಕನ್ನಡ ಬೈಬಲ್ಲಿನ "ದೇವದೂತ" ಅದಕ್ಕೆ ಹೇಳಿ ಮಾಡಿಸಿದಂತಿದೆ. ಗಂಧರ್ವ, ಕಿನ್ನರ ಅಂತ ಹೋಗುವುದು ಬೇಡ, ಅವರು ಸಂಗೀತದವರು. ಕಷ್ಟ ಕೊಡುವ ಪದ "ಕಮಿ"ಯೇ. ಜಪಾನಿನಲ್ಲಿ ಎಂಬತ್ತು ಲಕ್ಷ ಕಮಿಗಳು ಅನ್ನುವ ಹಳೆಯ ಮಾತಿದೆ, ಈ ಕೃತಿಯಲ್ಲಿ ಮಾತ್ರ ಕಮಿ ಒಬ್ಬನೇ. ನಮ್ಮ "ದೇವರು" ವ್ಯಾಕರಣದಲ್ಲೇ ಬಹುವಚನ, ಗೌರವಕ್ಕೆ ಬಂದದ್ದು. "ದೇವರು ಸತ್ತರು" ಅಂದಾಗ ಒಬ್ಬರೋ ಹಲವರೋ ಅನ್ನುವ ಅನುಮಾನ ಉಳಿದುಬಿಡುತ್ತದೆ, ಅಂಥ ಕಡೆ ಅನುವಾದಕ ಎರಡು ಸಲ ಯೋಚಿಸಬೇಕು.

ತಾಂಕೋಬೊನ್
ಈಗ ಆ "ಬಿಗಿ ಯಾಕಿಲ್ಲ" ಅನ್ನುವ ಪ್ರಶ್ನೆ. ಅರ್ಧ ಉತ್ತರ ಪತ್ರಿಕೆಯಲ್ಲಿದೆ.

ಡೆತ್ ನೋಟ್ ಬಂದದ್ದು ವಾರಪತ್ರಿಕೆಯಲ್ಲಿ, ವೀಕ್ಲಿ ಶೋನೆನ್ ಜಂಪ್, 2003ರಿಂದ 2006. 108 ಅಧ್ಯಾಯ, 12 ಸಂಪುಟ. ಸಂಪುಟಕ್ಕೆ ಒಂಬತ್ತು ಅಧ್ಯಾಯ. ಪ್ಲಾಟಿನಂ ಎಂಡ್ ಬಂದದ್ದು ತಿಂಗಳ ಪತ್ರಿಕೆ ಜಂಪ್ ಸ್ಕ್ವೇರ್‌ನಲ್ಲಿ, ನವೆಂಬರ್ 2015ರಿಂದ ಜನವರಿ 2021. 58 ಅಧ್ಯಾಯ, 14 ಸಂಪುಟ. ಸಂಪುಟಕ್ಕೆ ನಾಲ್ಕು ಅಂತ ಇಟ್ಟುಕೊಳ್ಳಿ. ಒಂಬತ್ತು ಸಲ ಅಧ್ಯಾಯದ ತುದಿಗೆ ಕುತೂಹಲದ ಕೊಕ್ಕೆ ಹಾಕಿ ನಿಲ್ಲಿಸುತ್ತಿದ್ದ ಕಡೆ ಈಗ ನಾಲ್ಕೇ ಸಲ. ವಾರ ವಾರ ಓದುಗನನ್ನು ಹಿಡಿದು ನಿಲ್ಲಿಸುವ ಒತ್ತಡ ಓಬ ಅವರಿಂದ ಸಡಿಲವಾದಾಗ ಅವರ ಪಾತ್ರಗಳು ಮಾತಿಗೆ ಕೂರುತ್ತವೆ. ಕೊಕ್ಕೆ ಕಮ್ಮಿ, ವಾದ ಜಾಸ್ತಿ.

ಇನ್ನರ್ಧ ಉತ್ತರ ಎದುರಾಳಿಯಲ್ಲಿದೆ. ಡೆತ್ ನೋಟ್ ಕತೆಯ ಲೈಟ್ ಮತ್ತು ಅವನನ್ನು ಬೆನ್ನಟ್ಟುವ ಪತ್ತೇದಾರ ಎಲ್, ಇಬ್ಬರೂ ಗೆಲ್ಲಬೇಕು ಅಂದುಕೊಂಡವರು. ಇಲ್ಲಿ ಗೆಲ್ಲಬೇಕು ಅಂದುಕೊಂಡವನು ಉರ್ಯೂ ಒಬ್ಬನೇ. ಮಿರಾಯ್‌ಗೆ ದೇವರಾಗುವ ಆಸೆಯೇ ಇಲ್ಲ, ಸುಖವಾಗಿ ಬದುಕಬೇಕು ಅಷ್ಟೇ. ಒಂದು ಕಡೆ ಮಾತ್ರ ಎಳೆಯುವ ಹಗ್ಗ ಬಿಗಿಯಾಗುವುದು ಹೇಗೆ?

ಮೇಲ್ವಿಚಾರಕರು
ಇಲ್ಲಿಂದ ಕೆಳಗೆ ಕೊನೆಯ ಸಂಪುಟದ ತನಕ ಎಲ್ಲ ಬಯಲಾಗುತ್ತದೆ. ಹೊಸಪುಟ ಮತ್ತು ಪೂರ್ತಿ ಓದದವರು ಇಲ್ಲಿಗೆ ನಿಲ್ಲಿಸಿ. ಕೃತಿಯಲ್ಲಿ ಆತ್ಮಹತ್ಯೆ, ಮಕ್ಕಳ ಮೇಲಿನ ಹಿಂಸೆ ಮೊದಲ ಅಧ್ಯಾಯದಿಂದ ಕೊನೆಯ ತನಕ ಇದೆ. ಸಣ್ಣವರಿಗೆ ಶಿಫಾರಸು ಮಾಡುವ ಮೊದಲು ಅದನ್ನು ತಿಳಿಸಿ.

ಕರಾವಳಿ_ಒಟಾಕು
ಹಾಗಾದರೆ ಬಿಚ್ಚಿ ಹೇಳುವ. ಉರ್ಯೂ ಸತ್ತ ಮೇಲೆ ಉಳಿಯುವುದು ಆರು ಜನ: ಮಿರಾಯ್, ಸಾಕಿ, ನಕಾಉಮಿ ಶೂಜಿ, ಯೂಯಿತೊ ಸುಸುಮು, ತೆಮಾರಿ ಯೂರಿ, ಪ್ರೊಫೆಸರ್ ಯೊನೇದ. ಇವರಲ್ಲಿ ಯಾರೂ ಮತ್ತೊಬ್ಬರನ್ನು ಕೊಂದು ಮೇಲೆ ಬರಬೇಕು ಅಂತ ಹೊರಟವರಲ್ಲ. ಆಗ ನಿಯಮ ತನ್ನ ಮೂಲ ರೂಪಕ್ಕೆ ಬರುತ್ತದೆ, ಆರು ಜನ ಕೂತು ಒಬ್ಬರನ್ನು ಆರಿಸಬೇಕು. ಸುಸುಮು ಚಿಕ್ಕ ಹುಡುಗ, ವಿಷಯವನ್ನು ಇಡೀ ದೇಶದ ಮುಂದೆ ಇಡುತ್ತಾನೆ. ಯೊನೇದ ನೊಬೆಲ್ ಪಡೆದ ವಿಜ್ಞಾನಿ, ದೇವರು ಅನ್ನುವುದು ಮನುಷ್ಯ ಹುಟ್ಟಿಸಿದ ಜೀವ, ಅದು ಬೇಡವೇ ಬೇಡ ಅನ್ನುತ್ತಾನೆ. ಅವನ ದೂತ ಮುನಿ ವಿನಾಶದ ದೂತ, ವಿಶೇಷ ದರ್ಜೆ, ಬಿಳಿ ಬಾಣ ಅವನ ಹತ್ತಿರವೂ ಉಂಟು. ಆದರೂ ಅವನ ಆಯುಧ ವಾದ.

ಈ ಯೊನೇದ ಮೊದಲ ಸಂಪುಟದಲ್ಲೇ ಬಂದಿದ್ದರೆ ಕತೆಯ ರುಚಿಯೇ ಬೇರೆ ಇತ್ತು. ಬಂದದ್ದು ತಡ, ಅದು ನಿಜವಾದ ದೋಷ. ಮಾತು ಜಾಸ್ತಿ ಅನ್ನುವುದು ದೋಷ ಅಲ್ಲ.

ಧಾರವಾಡ_ಪೇಡಾ
ಒಪ್ಪೂದಿಲ್ರೀ. ಬಾಣದ ನಿಯಮ ಇಷ್ಟು ಕಷ್ಟಪಟ್ಟು ಕಟ್ಟಿ, 33 ದಿನ, 14 ಮಂದಿ ಅಂತ ಅಂಕಿ ಕೊಟ್ಟು, ಆಮ್ಯಾಲೆ ಅವನ್ನ ಮೂಲಿಗೆ ಒಗದ್ರ ಓದಾವರಿಗೆ ಮೋಸ ಅನ್ನಸ್ತೈತಿ. 14ರ ಮಿತಿ ಮ್ಯಾಲೆ ನಿಂತಂಥಾ ಒಂದು ದೊಡ್ಡ ತಿರುವು ನಾ ಅಂತೂ ನೆನಸ್ಕೊಳ್ಳಾಕ ಆಗವಲ್ದು. ಡೆತ್ ನೋಟ್‌ನ್ಯಾಗ 13 ದಿನದ ಸುಳ್ಳು ನಿಯಮ ಐತಲ್ಲ, ಅದರ ಮ್ಯಾಲೆ ಎಷ್ಟು ಸಂಪುಟ ಓಡಿತು! ಅಂಕಿ ಹಾಕಿದ ಮ್ಯಾಲೆ ಅದನ್ನ ದುಡಿಸಬೇಕು.

ಕರಾವಳಿ_ಒಟಾಕು
ಆ 14ರ ಮಾತು ಒಪ್ಪಿದೆ. 33 ಮಾತ್ರ ಕೆಲಸ ಮಾಡಿದೆ. ಸಾಕಿ ಮಿರಾಯ್‌ಗೆ ಕೆಂಪು ಬಾಣ ಬಿಡುತ್ತಾಳಲ್ಲ, ಅವನು ಅದಕ್ಕೂ ಮೊದಲೇ ಅವಳನ್ನು ಪ್ರೀತಿಸುತ್ತಿದ್ದವನು. 33 ದಿನ ಕಳೆದ ಮೇಲೆ ಏನು ಉಳಿಯುತ್ತದೆ ಅನ್ನುವುದು ಅಲ್ಲಿ ನಿಜವಾದ ಪ್ರಶ್ನೆ. ರೆವೆಲ್ ಕಣ್ಣೀರು ಹಾಕಿ ಎರಡನೇ ದರ್ಜೆಯಿಂದ ಮೇಲಿನ ದರ್ಜೆಗೆ ಏರುವುದೂ ಸಾಕಿಯ ದುಃಖ ನೋಡಿಯೇ. ದರ್ಜೆ ಅನ್ನುವುದು ಗಟ್ಟಿ ಗೋಡೆ ಅಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ.

ಬಿಳಿಗೆರೆ
ಕೊನೆಯ ಬಗ್ಗೆ ಯಾರೂ ಕೈ ಹಾಕಲಿಲ್ಲ. ಶೂಜಿ ದೇವರಾಗುತ್ತಾನೆ, ಸಾಯುವ ಹಕ್ಕಿನ ಬಗ್ಗೆ ಮೊದಲಿಂದ ಮಾತಾಡಿದ ಹುಡುಗ. ದೇವರಾದ ಮೇಲೂ ಅವನ ಪ್ರಶ್ನೆ ಬದಲಾಗುವುದಿಲ್ಲ, ಕೊನೆಗೆ ತನ್ನನ್ನೇ ಮುಗಿಸಿಕೊಳ್ಳುತ್ತಾನೆ, ದೇವರ ಜೊತೆಗೆ ಮನುಷ್ಯರೂ ಇಲ್ಲವಾಗುತ್ತಾರೆ. ಆಮೇಲೆ ಇನ್ನೆಲ್ಲೋ ಕೂತು ಇದನ್ನು ನೋಡುತ್ತಿದ್ದ ಬೇರೆಯೇ ಜೀವಿಗಳು ಕಾಣುತ್ತವೆ. ಬಹಳ ಜನ ಇದನ್ನು ಬೈದದ್ದು "ಎಲ್ಲ ನೀರಿನಲ್ಲಿ ಹೋಮ" ಅಂತ. ಆದರೆ ಮೊದಲ ಪುಟಕ್ಕೆ ಹೋಗಿ: ಕಟ್ಟಡದ ಮೇಲಿಂದ ಬೀಳುವ ಹುಡುಗನನ್ನು ದೂತ ಹಿಡಿಯುತ್ತಾಳೆ. ಕೊನೆಯಲ್ಲಿ ಬೀಳುವವನು ದೇವರು, ಹಿಡಿಯಲು ಮೇಲೆ ಯಾರೂ ಇಲ್ಲ. ಕತೆಯ ಎರಡು ತುದಿ ಎದುರುಬದುರಾಗಿ ಕೂತಿವೆ. ಇಷ್ಟವಾಗಬೇಕು ಅಂತಿಲ್ಲ, ಕೈತಪ್ಪಿ ಆದ ಕೊನೆಯಂತೂ ಅಲ್ಲ.

ಧಾರವಾಡ_ಪೇಡಾ
ಅದು ಖರೆ. ಆದ್ರೂ ಆ ಕಡೀ ಜೀವಿಗಳ ಪುಟ ಬ್ಯಾಡಾಗಿತ್ತು.

ಬಿಳಿಗೆರೆ
ಅದಕ್ಕೆ ನನ್ನದೂ ಒಂದು ಮತ ಹಾಕಿ.

ಹೊಸಪುಟ
ಎಚ್ಚರಿಕೆಯ ಕೆಳಗಿನದನ್ನು ದಾಟಿ ನೇರ ಇಲ್ಲಿಗೆ ಬಂದೆ. ಕೊನೆಯ ಪ್ರಶ್ನೆ: ಉಳಿದ ಹನ್ನೊಂದು ಸಂಪುಟ ಓದುವ ಬದಲು ಅನಿಮೆ (ಟಿವಿ ಕಾರ್ಟೂನ್ ಸರಣಿ) ನೋಡಿದರೆ ಆಗುತ್ತದಾ?

ತಾಂಕೋಬೊನ್
ಅನಿಮೆ ಸಿಗ್ನಲ್ ಎಂಡಿ ಸ್ಟುಡಿಯೋದ್ದು, ಅಕ್ಟೋಬರ್ 2021ರಿಂದ ಮಾರ್ಚ್ 2022, 24 ಕಂತು. ಕತೆಯನ್ನು ಕೊನೆಯ ತನಕ ಮುಗಿಸಿದ್ದಾರೆ, ಅದು ಒಳ್ಳೆಯದು. 14 ಸಂಪುಟ 24 ಕಂತಿಗೆ, ಅಂದರೆ ಕಂತಿಗೆ ಅರ್ಧ ಸಂಪುಟಕ್ಕಿಂತ ಜಾಸ್ತಿ. ಮ್ಯಾಡ್‌ಹೌಸ್ ಮಾಡಿದ ಡೆತ್ ನೋಟ್ ಅನಿಮೆಯಲ್ಲಿ 12 ಸಂಪುಟಕ್ಕೆ 37 ಕಂತು, ಕಂತಿಗೆ ಮೂರನೇ ಒಂದು ಭಾಗವೂ ಇಲ್ಲ. ಇಲ್ಲಿ ತುಂಬಿದ್ದು ಹತ್ತಿರ ಹತ್ತಿರ ಎರಡರಷ್ಟು. ಏಟು ಬೀಳುವುದು ವಾದದ ಭಾಗಗಳಿಗೆ, ಒಬ್ಬನ ಮಾತು ತಲೆಗೆ ಇಳಿಯುವ ಮೊದಲೇ ಇನ್ನೊಬ್ಬ ಶುರು ಮಾಡುತ್ತಾನೆ. ಪುಸ್ತಕದಲ್ಲಾದರೆ ನಿಲ್ಲಿಸಿ ಹಿಂದಿನ ಪುಟ ತಿರುಗಿಸಬಹುದು. ಬಿಳಿಗೆರೆ ಹೇಳಿದ ಆ ಗರಿಗಳೂ ಅನಿಮೆಯಲ್ಲಿ ಕಾಣಲ್ಲ, ಚಲಿಸುವ ಚಿತ್ರಕ್ಕೆ ಅಷ್ಟು ಗೆರೆ ಹಾಕಿದರೆ ಯಾವ ಸ್ಟುಡಿಯೋಗೂ ಗಿಟ್ಟಲ್ಲ.

ಬಣ್ಣ ಬೇಕು ಅನ್ನಿಸಿದರೆ ಮೊದಲ ಎರಡು ಮೂರು ಕಂತು ನೋಡಿ, ಕೆಂಪು ಬಾಣ ಕೆಂಪಾಗಿ ಕಾಣುತ್ತದೆ. ಆಮೇಲೆ ನಾಲ್ಕನೇ ಸಂಪುಟಕ್ಕೆ ವಾಪಸ್ ಬನ್ನಿ.

ಹೊಸಪುಟ
ಸರಿ, ನಾಲ್ಕನೇ ಸಂಪುಟ.

ಅಕ್ಷರಪ್ರಿಯ
ಒಂದು ಸೂಚನೆ: ಶೂಜಿಯ ದೂತನ ಹೆಸರು ಒಗರೊ. ಹ್ರಸ್ವ ಒ. ಮುಂದೆ ಸಿಗುತ್ತಾನೆ, ಈಗಲೇ ಸರಿಯಾಗಿ ಬರೆದುಕೊಳ್ಳಿ.